ಕೆಳಗಿಳಿದು ಕೂತ ಪಾಪಚ್ಚಿ

ಮನೆಯಿಂದ,
ಸೋಮವಾರ, ಮಾರ್ಚ್ ೧೧, ಮಗು ಮಲಗಿರುವ ಹೊತ್ತು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಹಡಗಿನ ಮೆಟ್ಟಿಲು ಹತ್ತಿ ಇಳಿಯುವಾಗ ನೀನು ಪಟ್ಟಿ ಕಟ್ಟಿಕೊಳ್ಳುತ್ತೀಯೋ, ಇಲ್ಲ ಹಡಗಿನವರಿಗೆಲ್ಲ ಕಟ್ಟಿ ನೀನು ಕುಂಟುತ್ತಾ ಓಡಾಡುತ್ತೀಯೋ? ನರ್ಸುಗಳಿಗೆ ತಮ್ಮ ಮೈಯೊಂದು ಬಿಟ್ಟು ಎಲ್ಲರ ಮೈಯೂ ಕಾಣುತ್ತದೆ. ಅಲೆಗೆ ಹೊಟ್ಟೆ ತೊಳಸುವುದು ನಿಂತಿದೆ ಎಂದು ಬರೆದಿದ್ದೆ, ಓದಿ ಸಮಾಧಾನವಾಯಿತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಗುಂಡಮ್ಮನಿಗೆ ಕೆಳಗಡೆ ಎರಡು ಹಲ್ಲು ಮೂಡಿವೆ, ಅವುಗಳ ಉಪಯೋಗವನ್ನು ನನ್ನ ಮೇಲೆಯೇ ಕಲಿಯುತ್ತಿದ್ದಾಳೆ. ತೆವಳುವುದನ್ನೂ ಶುರುಮಾಡಿದ್ದಾಳೆ. ಸುದ್ದಿಯೂ ಅದೇ, ಫಜೀತಿಯೂ ಅದೇ.

ನೆಲಕ್ಕೆ ಬಿಟ್ಟರೆ ಸಾಕು, ಗೊಂಬೆ ಬೇಡ, ಗಿಲಕಿ ಬೇಡ, ನೆಟ್ಟಗೆ ನಿನ್ನ ಜೇಡಗಳ ಮೂರು ಗಾಜಿನ ಪೆಟ್ಟಿಗೆಗಳಿರುವ ಗೂಡಿನ ಕಡೆ ಹೊರಡುತ್ತಾಳೆ. ಮೊನ್ನೆ ಇವರು ಬೇಕರಿಯಿಂದ ಬಂದವರು, ಕೈಯ ಹಿಟ್ಟನ್ನೂ ತೊಳೆಯದೆ ಅವಳನ್ನು ಅಲ್ಲಿಂದ ಎತ್ತಿಕೊಂಡರು. ಬೈಯಲಿಲ್ಲ, ನಿನಗೆ ಗೊತ್ತಲ್ಲ ಇವರ ಸ್ವಭಾವ. ಆಮೇಲೆ ಊಟಕ್ಕೆ ಕೂತಾಗ ಮೆಲ್ಲಗೆ, "ಒಂದನ್ನ ಇಟ್ಕೊಳ್ಳೋಣ. ಇನ್ನೆರಡನ್ನ ಮೀನಿನ ಅಂಗಡಿಯವರಿಗೆ ಕೊಡೋಣ. ಯಾವುದನ್ನ ಅಂತ ನೀವು ಅಕ್ಕ ತಂಗೀರೇ ಮಾತಾಡ್ಕೊಳ್ಳಿ" ಎಂದರು. ಅಂಗಡಿಯವರು ಅಂದರೆ ಸಾಕುವ ಬಣ್ಣದ ಮೀನು ಮಾರುವವರು, ನಿನಗೆ ಪೆಟ್ಟಿಗೆ ಮಾಡಿಕೊಟ್ಟವರೇ. ನೀನು ಹೂಂ ಅಂದ ಮೇಲೆ ಬಂದು ಒಯ್ಯುತ್ತಾರಂತೆ. ಅದಕ್ಕೇ ಈ ಕಾಗದ. ಈಗ ಅಂಗೈಯಗಲ ಬೆಳೆದಿರುವ, ಮರದ ಮೇಲೆ ಬಾಳುವ ಈ ನಿನ್ನ ಜೇಡಗಳನ್ನು ಬಟಾಣಿಕಾಳಿನಷ್ಟಿದ್ದಾಗಿನಿಂದ ಸಾಕಿದವಳು ನೀನು. ಆದರೆ ನಮ್ಮ ಮನೆಯಲ್ಲಿ ಅವು ಹೇಗಿವೆ ಎಂಬುದನ್ನು ಕಂಡವಳು ನಾನು.

ಮೊದಲು ಜಗಳಗಂಟಿ. ಅವಳ ಬಗ್ಗೆ ನೀನು ಹೇಳಿ ಹೋದದ್ದು ಕಡಿಮೆಯೇ. ಅವಳ ಊಟಕ್ಕೆ ಚಿಮಟದಲ್ಲಿ ಜಿರಲೆ ಹಿಡಿದು ಮುಚ್ಚಳ ತೆಗೆಯುವುದೇ ತಡ, ಮುಂದಿನ ಕಾಲುಗಳನ್ನು ಎತ್ತಿ ಸೊಂಟಕ್ಕೆ ಸೆರಗು ಸಿಕ್ಕಿಸಿದವಳ ಹಾಗೆ ನಿಲ್ಲುತ್ತಾಳೆ. ಜಿರಲೆಯನ್ನು ಬಿಟ್ಟು ಚಿಮಟಕ್ಕೆ ಹೊಡೆಯುತ್ತಾಳೆ. ಅತ್ತೆಗೆ ಅವಳನ್ನು ಕಂಡರೆ ಒಳಗೊಳಗೇ ಇಷ್ಟ. "ಏನು ಬೇಕೋ ಅದನ್ನ ಬಾಯಿಬಿಟ್ಟು ಹೇಳ್ತಾಳೆ ನೋಡು" ಅನ್ನುತ್ತಾರೆ. ಅಡುಗೆಮನೆಯಲ್ಲಿ ಜಿರಲೆ ಕಂಡರೆ ಪೊರಕೆ ಹಿಡಿಯುವ ಅದೇ ಅತ್ತೆ, ನಿನ್ನ ಡಬ್ಬಿಯ ಜಿರಲೆಗಳಿಗೆ ಕ್ಯಾರೆಟ್ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ನಂಬುತ್ತೀಯಾ?

ಮಿಂಚು ಜಗಳಕ್ಕೆ ಬರುವವಳಲ್ಲ. ಬೆಳಕು ಬಿದ್ದರೆ ಮಾಯ. ಈಗ ಇದ್ದಳು, ಕಣ್ಣು ಮಿಟುಕಿಸಿದರೆ ಮರದ ತೊಗಟೆಯ ಹಿಂದೆ. ಮೈಮೇಲೆ ರಂಗೋಲಿ ಬಿಡಿಸಿದ ಹಾಗಿರುವ ಅಷ್ಟು ಚೆಂದದವಳನ್ನು ವಾರಕ್ಕೊಮ್ಮೆ ಕಂಡರೆ ನಮ್ಮ ಪುಣ್ಯ. ಆದರೆ ನನಗೆ ಎದೆ ಹೊಡೆದುಕೊಳ್ಳುವುದು ಅವಳಿಂದಲೇ. ಮೂವರಲ್ಲಿ ಅವಳ ಕಡಿತವೇ ಕೆಟ್ಟದ್ದು, ದಿನಗಟ್ಟಲೆ ಸ್ನಾಯು ಸೆಳೆಯುತ್ತದೆ ಎಂದು ನೀನೇ ಹೇಳಿದ್ದೆ. ಕಾಣದವಳನ್ನು ಹೇಗೆ ಕಾಯುವುದು, ಹೇಳು. ಮಗು ಮಲಗಿದರೂ ನಾನು ಮಲಗದೆ ಎದ್ದು ಹೋಗಿ ಅವಳ ಮುಚ್ಚಳ ಒತ್ತಿ ನೋಡಿ ಬರುತ್ತೇನೆ. ಬಂದು ಮಲಗುತ್ತೇನೆ. ಸರಿಯಾಗಿ ಒತ್ತಿದೆನೋ ಇಲ್ಲವೋ ಎಂದು ಮತ್ತೆ ಏಳುತ್ತೇನೆ.

ಇನ್ನು ಪಾಪಚ್ಚಿ. ಪಾದದ ತುದಿಯನ್ನೆಲ್ಲ ಗುಲಾಬಿ ಬಣ್ಣದಲ್ಲಿ ಅದ್ದಿಕೊಂಡ ನಿನ್ನ ಮುದ್ದಿನವಳು. ಅವಳದು ಒಂದೇ ಕೆಟ್ಟ ಚಾಳಿ, ಹಿಂದಕ್ಕೆ ತಿರುಗಿ ಗಾಜಿಗೆ ಹಿಕ್ಕೆಯ ಪಿಚಕಾರಿ ಹೊಡೆಯುವುದು. ಇವರ ಕನ್ನಡಕಕ್ಕೂ ಒಮ್ಮೆ ಆಗಿದೆ. ಅದು ಬಿಟ್ಟರೆ ಕಾಲೆತ್ತುವುದಿಲ್ಲ, ಓಡುವುದಿಲ್ಲ. ಕೊಟ್ಟರೆ ತಿನ್ನುತ್ತಾಳೆ, ಮರೆತರೆ ಮೇಲಿನ ಮೂಲೆಯಲ್ಲಿ ತನ್ನ ಬಲೆಯ ಜೋಳಿಗೆಯೊಳಗೆ ಸುಮ್ಮನಿರುತ್ತಾಳೆ. ಇಟ್ಟುಕೊಳ್ಳುವುದಾದರೆ ಇವಳನ್ನೇ ಎಂದು ಮನೆಯವರೆಲ್ಲ ಹೇಳುತ್ತಾರೆ. "ರಗಳೆ ಇಲ್ಲದ್ದು" ಎನ್ನುತ್ತಾರೆ ಅತ್ತೆ. ಕೆಳಗಿನ ಮನೆಯ ಟೈಲರಮ್ಮನ ಹತ್ತಿರ ನನ್ನ ಬಗ್ಗೆಯೂ ಹಾಗೆಯೇ ಹೇಳುವುದನ್ನು ಕೇಳಿದೆ: "ನಮ್ಮ ಸೊಸೇದು ಒಂದು ರಗಳೆ ಇಲ್ಲಮ್ಮಾ. ಮಗು ಎಷ್ಟು ಹಟ ಮಾಡಿದ್ರೂ ತುಟಿ ಪಿಟಕ್ ಅನ್ನಲ್ಲ." ಕೇಳಿ ಖುಷಿಯೇ ಆಯಿತು. ಹೊಗಳಿಕೆ ಯಾರಿಗೆ ಬೇಡ?

ಈಗ ನೀನು ಬೈಯುವ ಭಾಗ. ಪೆಟ್ಟಿಗೆಗಳ ಮೇಲೆ ಗಾಳಿಯಾಡಲು ಜಾಲರಿ ಇದೆಯಲ್ಲ, ಅದರ ಒಂದು ಮೂಲೆ ಸಡಿಲವಾಗಿದೆ ಎಂದು ನನಗೆ ಅನ್ನಿಸಿತು. ಸಡಿಲ ಇರಲಿಲ್ಲ, ಅನ್ನಿಸಿತು ಅಷ್ಟೇ. ನೀನು ಬಿಟ್ಟುಹೋದ ಬಿಳಿ ಬ್ಯಾಂಡೇಜ್ ಟೇಪು ತೆಗೆದುಕೊಂಡು ಮೂರರ ಜಾಲರಿಗೂ, ಪಕ್ಕದ ತೂತುಗಳಿಗೂ ಒಂದಿಷ್ಟೂ ಸಂದು ಬಿಡದೆ ಅಂಟಿಸಿದೆ. ಮನಸ್ಸು ಎಷ್ಟು ಹಗುರವಾಯಿತು ಗೊತ್ತಾ? ನೀನು ಹೇಳಿದಂತೆ ನೀರು ಚಿಮುಕಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ಗಾಳಿ ಇಲ್ಲ, ನೀರು ಇದೆ. ಕಾಲೇಜಿನಲ್ಲಿ ವಿಜ್ಞಾನ ಓದಿದವಳು ನಾನು.

ಗಾಜಿನ ಒಳಗೆಲ್ಲ ಬೆವರು ಕಟ್ಟಿತು. ಜಗಳಗಂಟಿ ದಿನವಿಡೀ ಜಾಲರಿಗೆ ಕಾಲು ಬಡಿದಳು, ಎಂದಿನ ಜಗಳ ಎಂದುಕೊಂಡೆ. ಮಿಂಚು ಬಲೆಯನ್ನೆಲ್ಲ ಕಿತ್ತು ಸುತ್ತಾಡಿದಳು, ಎಂದಿನ ಗಾಬರಿ ಎಂದುಕೊಂಡೆ. ಪಾಪಚ್ಚಿ ಏನೂ ಮಾಡಲಿಲ್ಲ. ಕೆಳಗಿಳಿದು ಬಂದು ಒದ್ದೆ ಮಣ್ಣಿನ ಮೇಲೆ ಕಾಲು ಮಡಚಿ ಕೂತಳು. ಅತ್ತೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ತೋರಿಸಿದರು: "ನೋಡು ಕಂದಾ, ಪಾಪಚ್ಚಿ ಎಷ್ಟು ಜಾಣೆ, ನಿನ್ನ ನೋಡಕ್ಕೆ ಕೆಳಗೆ ಬಂದಿದಾಳೆ." ನಾನೂ ನಕ್ಕೆ. ಹಾಲಿನ ಬಾಟಲಿ ತೊಳೆಯಲು ಹೋದವಳಿಗೆ ನಲ್ಲಿಯ ಮುಂದೆ ನಿನ್ನ ಮಾತು ನೆನಪಾಯಿತು. ಹೊರಡುವ ಗಡಿಬಿಡಿಯಲ್ಲಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನೀನು ಬಾಗಿಲಲ್ಲಿ ನಿಂತು ಹೇಳಿದ್ದು: "ಮರದ ಮೇಲಿರೋಳು ಕೆಳಗಿಳಿದು ಕೂತ್ರೆ ಏನೋ ಸರಿಯಿಲ್ಲ ಅಂತ. ಅವಳು ಹೇಳಲ್ಲ ಕಣೇ, ನಾವೇ ನೋಡ್ಬೇಕು."

ಟೇಪು ಕೀಳುವಾಗ ಉಗುರು ಕಿತ್ತುಬಂತು. ಒದ್ದೆ ಮಣ್ಣು ತೆಗೆದು ಒಣ ಮಣ್ಣು ಹಾಕಿದೆ, ಪೆಟ್ಟಿಗೆಗಳನ್ನು ಗಾಳಿ ಬರುವ ಕಡೆ ಇಟ್ಟೆ. ಉಳಿದಿಬ್ಬರೂ ಸಂಜೆಗೆಲ್ಲ ತಮ್ಮ ತಮ್ಮ ಜಾಗ ಸೇರಿದರು. ಪಾಪಚ್ಚಿ ಮಾತ್ರ ಅಲ್ಲಾಡಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ಮುಂದೆಯೇ ಕೂತಿದ್ದೆ. ಮರುದಿನ ನೋಡಿದರೆ ಒಂದು ಗುಲಾಬಿ ಪಾದ ಗಾಜಿನ ಮೇಲಿತ್ತು. ಆಮೇಲೆ ಇನ್ನೊಂದು. ಈಗ ಮೇಲಿನ ಮೂಲೆಯಲ್ಲಿದ್ದಾಳೆ, ಜೋಳಿಗೆಯನ್ನು ಹೊಸದಾಗಿ ನೇಯುತ್ತಿದ್ದಾಳೆ. ಇವತ್ತು ತಿಂದಳು ಕೂಡ.

ಜಗಳಗಂಟಿ, ಮಿಂಚು ಇಬ್ಬರನ್ನೂ ಕೊಡೋಣ ಅಕ್ಕಾ. ಅಂಗಡಿಯವರು ಕೈಪಳಗಿದವರು. ತೊಂದರೆಯಾದರೆ ಆ ಇಬ್ಬರೂ ಇಡೀ ಅಂಗಡಿಗೆ ತಿಳಿಸುತ್ತಾರೆ. ಪಾಪಚ್ಚಿ ನನ್ನ ಹತ್ತಿರವೇ ಇರಲಿ. ಸುಲಭದವಳು ಎಂದು ಇವರು ಹೇಳುತ್ತಾರೆ, ನಾನು ಒಪ್ಪಿಕೊಂಡದ್ದು ಅದಕ್ಕಲ್ಲ. ಪೆಟ್ಟಿಗೆಯನ್ನು ಅಟ್ಟದ ಎತ್ತರಕ್ಕೆ ಏರಿಸಿ ಚಿಲಕ ಹಾಕುವ ಗೂಡು ಮಾಡಿಸುತ್ತಾರಂತೆ. ನೀನು ಹೂಂ ಎಂದು ಬರೆ.

ಅತ್ತೆ ನಿನ್ನನ್ನು ಕೇಳಿದ್ದಾರೆ. ಇವರು ನಮಸ್ಕಾರ ತಿಳಿಸಿದ್ದಾರೆ. ಗುಂಡಮ್ಮ ಮಲಗುವ ಮೊದಲೇ ಈ ಹಾಳೆಯ ಮೂಲೆಯನ್ನು ಚೀಪಿ ತನ್ನ ಸಹಿ ಹಾಕಿದ್ದಾಳೆ. ಮಂಡಿ ಜೋಪಾನ.

ನಿನ್ನ ಪ್ರೀತಿಯ
ಪುಟ್ಟಿ

ತಾ.ಕ.: ಮಗು ಎದ್ದಳು, ಬೇಗ ಬರೆಯುತ್ತೇನೆ. ಹಡಗು ದಡ ಸೇರಿದ ಮೇಲೆ ನಿನ್ನ ರೂಮಿಗೆ ಹೋಗಬೇಡ, ನೇರ ಇಲ್ಲಿಗೇ ಬಾ. ಈ ನಡುವೆ ನಾನು ಕೆಲಸದ ಮಧ್ಯೆ ಬಚ್ಚಲುಮನೆಯ ನೆಲದ ಮೇಲೆ ಹೋಗಿ ಕೂತುಬಿಡುತ್ತೇನೆ, ಎಷ್ಟು ಹೊತ್ತು ಎಂದು ತಿಳಿಯುವುದಿಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ, ಕೇಳುತ್ತಾರೆ. ಚೆನ್ನಾಗಿದ್ದೀನಿ ಅನ್ನುತ್ತೇನೆ. ನೀನು ಬಂದಾಗ ಹೇಗಿದ್ದೀಯ ಅಂತ ಕೇಳಬೇಡ ಅಕ್ಕಾ. ನೋಡು.