ನಾನು ತಿದ್ದಿದ ಒಂದು ಮಾತು

ಮಹಡಿ ಕೋಣೆ,
ಮಾರ್ಚ್ ೧೪, ಸಂಜೆ

ಮುದ್ದು ಮಗಳೇ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ನಿಂತಲ್ಲೇ ಎರಡು ತುತ್ತು ನುಂಗಿ ಕೆಲಸಕ್ಕೆ ಓಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಇಷ್ಟು ಬರೆದು ಎಷ್ಟೋ ಹೊತ್ತು ಕಿಟಕಿಯಾಚೆ ನೋಡುತ್ತ ಕೂತುಬಿಟ್ಟೆ. ಈಚೆಗೆ ಹೀಗೇ. ಅಚ್ಚಿನಮನೆಯಿಂದ ತಿದ್ದಲು ತಂದ ಕರಡು ಮಡಿಲಲ್ಲಿರುತ್ತದೆ, ನಾನೆಲ್ಲೋ ಇರುತ್ತೇನೆ. ಬೀದಿದೀಪ ಹತ್ತಿದರೆ ಒಂದೊಂದರ ಸುತ್ತಲೂ ಬಣ್ಣದ ಬಳೆ. ಎದುರುಮನೆ ಗೋಡೆ ಹಾಲಲ್ಲಿ ನೆನೆದಂತೆ ಮೆತ್ತಗೆ ಕಾಣುತ್ತದೆ. ಎಷ್ಟು ಚೆಂದವೆಂದರೆ, ಎಡಗಣ್ಣು ಕೆಂಪಾಗಿ ನೋಯುವುದನ್ನೂ ಮರೆತು ನೋಡುತ್ತೇನೆ. ಮೊನ್ನೆ ಯಾರದೋ ಕವಿತೆಯಲ್ಲಿ ‘ಮನ’ವೆಲ್ಲ ‘ವನ’ವಾಗಿ ಅಚ್ಚಾಗಿಹೋಯಿತು. ಅಚ್ಚಿನಮನೆ ಯಜಮಾನರು, “ಏನಮ್ಮಾ, ನಿಮ್ಮ ಹದ್ದಿನ ಕಣ್ಣಿಗೇನಾಯ್ತು?” ಅಂದರು. ನಕ್ಕು ಜಾರಿಕೊಂಡೆ.

ಸಾರ್ಕಾಯ್ಡೋಸಿಸ್ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ, ಹೇಗೆ ಬರೆಯುವುದೆಂದು ಇಬ್ಬರೂ ಜಗಳವಾಡಿದ್ದೆವು, ನೆನಪಿದೆಯಾ? ಶ್ವಾಸಕೋಶದಲ್ಲಿ ಗಂಟುಗಂಟಾಗಿ ಕೂತ ರೋಗ ನನ್ನನ್ನು ಮೆಟ್ಟಿಲು ಹತ್ತಲೂ ಬಿಡುತ್ತಿರಲಿಲ್ಲ. ಮಾತ್ರೆಗೆ ನನ್ನ ಮುಖ ಊದಿಕೊಂಡಾಗ ಕನ್ನಡಿ ತಿರುಗಿಸಿಟ್ಟವಳು ನೀನು. ರೋಗ ಇಳಿದ ಮೇಲೂ ಆರಾರು ತಿಂಗಳಿಗೆ ತಪಾಸಣೆಗೆ ಕರೆದೊಯ್ದವಳೂ ನೀನೇ. ನಾನು ಉಸಿರಳೆಯುವ ಕೊಳವೆಗೆ ಊದುವಾಗ “ಇನ್ನೂ, ಇನ್ನೂ, ಬಿಡಬೇಡಮ್ಮಾ” ಎನ್ನುತ್ತ ನೀನು ಕೆನ್ನೆ ಉಬ್ಬಿಸುತ್ತಿದ್ದೆ. “ಪರೀಕ್ಷೆ ಯಾರಿಗೆ?” ಎಂದು ನರ್ಸಮ್ಮ ನಗುತ್ತಿದ್ದಳು. ಎದೆಯ ಎಕ್ಸ್‌ರೇ, ರಕ್ತ, ಕಣ್ಣು ಎಲ್ಲ ಮುಗಿಸಿ, ಬೆಂಚಿನ ಮೇಲೆ ನಿನ್ನ ಭುಜಕ್ಕೊರಗಿ ತೂಕಡಿಸುತ್ತಿದ್ದ ಸುಖ ಈಗಲೂ ಕನಸಲ್ಲಿ ಬರುತ್ತದೆ. ನೀನಿಲ್ಲದೆ ಆ ಬೆಂಚಿನ ಮೇಲೆ ಕೂರಲು ನನಗೆ ಭಯ. ನೀನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಎರಡು ಸಲ ತಪಾಸಣೆಗೆ ಹೋಗಲೇ ಇಲ್ಲ.

ನಿನ್ನ ಕೆಲಸ ನಿನ್ನ ಕೈಹಿಡಿಯಲಿ, ನಗುನಗುತ್ತಾ ಇರು ಕಂದಾ.

ನಿನ್ನ,
ಅಮ್ಮ

ತಾ.ಕ.: ಒಂದು ತಪ್ಪು ತಿದ್ದಬೇಕು. ಹೋದ ವರ್ಷ ಕೊನೆಯ ತಪಾಸಣೆಯ ದಿನ ನೀನು ಔಷಧಿ ಸಾಲಿನಲ್ಲಿದ್ದೆ. “ವಾಸಿಯಾಗಿದೆ” ಅಂದರು ಡಾಕ್ಟರು ಎಂದು ಹೇಳಿದೆನಲ್ಲ, ಅದನ್ನು “ಮಲಗಿದೆ” ಎಂದು ಓದಿಕೋ. “ಮಲಗಿದೆ ಅಷ್ಟೇ, ಏಳಲೂಬಹುದು, ನೋಡ್ತಾನೇ ಇರ್ಬೇಕು” ಅಂದಿದ್ದರು. ನನಗಾಗಿ ಎಲ್ಲಿ ನೀನು ಕೆಲಸ ಬಿಟ್ಟುಬಿಡುತ್ತೀಯೋ ಎಂದು ಬೇಕಂತಲೇ ತಿದ್ದಿದೆ. ಈಗ ಆ ರೋಗವೇ ಕಣ್ಣಲ್ಲಿ ಎದ್ದಿದೆಯೇನೋ. ನಾಳೆ ಬೆಳಿಗ್ಗೆ ಹತ್ತಕ್ಕೆ ತೋರಿಸಲು ಹೋಗುತ್ತೇನೆ, ಹೆದರಿಕೊಂಡೇ. ಪತ್ರದಲ್ಲಿ ಬಯ್ಯಬೇಡ, ಬಂದು ಬಯ್ಯಿ. ನಿನ್ನ ಸಣ್ಣಕ್ಷರ ನನಗೀಗ ಕಾಣುತ್ತಿಲ್ಲ.