ಎರಡು ಬೆಲೆಗಳ ನಡುವೆ ಸಿಕ್ಕಿಬಿದ್ದ ಅಣ್ಣತಮ್ಮ

ವರ್ಚುವಲ್ ಆಸ್ತಿಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳೇ,

ಒಂದೇ ಬಿಟ್‌ಕಾಯಿನ್‌ಗೆ ಒಂದೇ ನಿಮಿಷದಲ್ಲಿ ಎರಡು ಬೆಲೆ ಇರಬಹುದು ಎಂದು ನೀವು ಯಾರಿಗೂ ತಿಳಿಹೇಳಲಿಲ್ಲ. ಅದರಿಂದಾಗಿ ಶಿವಾಜಿನಗರದ ಒಬ್ಬ ಸತ್ಯವಂತ ಸ್ವಂತ ತಮ್ಮನ ಕಣ್ಣಲ್ಲಿ ಸುಳ್ಳುಗಾರನಾಗಿದ್ದಾನೆ.

ನನ್ನ ಗೆಳೆಯ ಜಿಯಾವುಲ್ಲಾ ಕುರಿ ವ್ಯಾಪಾರಿ. ಬಕ್ರೀದ್‌ಗೆ ತಿಂಗಳ ಮುಂಚೆ ಕುರಿ ಬುಕ್ ಮಾಡುವವರಿಗೆ ಅಂದಿನ ಬೆಲೆಗಿಂತ ಎರಡು ಸಾವಿರ ಹೆಚ್ಚು ಹೇಳುತ್ತಾನೆ. ಚೌಕಾಸಿಗಿಳಿದರೆ, “ಅರೇ ಸಾಬ್, ಹಬ್ಬದವರೆಗೂ ಮೇವು ಯಾರ್ ಹಾಕ್ತಾರೆ? ನಿಮ್ಮನೆ ಬಾಲ್ಕನೀಲಿ ಕಟ್ಕೊಳಿ, ಕಮ್ಮಿ ಮಾಡ್ಕೊಡ್ತೀನಿ!” ಎನ್ನುತ್ತಾನೆ. ಮುಂಗಡ ಬೆಲೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಸುತ್ತೋಲೆ ನಿಮ್ಮ ಕಚೇರಿಯಿಂದ ಹೊರಟಿದ್ದನ್ನು ನಾನು ಕಂಡಿಲ್ಲ.

ಕಳೆದ ವರ್ಷ ಒಂದು ಆ್ಯಪ್‌ನಲ್ಲಿ ಬಿಟ್‌ಕಾಯಿನ್‌ನ ಫ್ಯೂಚರ್ಸ್ ಬೆಲೆ, ಅಂದರೆ ಮುಂಗಡ ಕರಾರಿನ ಬೆಲೆ, ಮಾರುಕಟ್ಟೆ ಬೆಲೆಗಿಂತ ಮೇಲಿದ್ದುದನ್ನು ಕಂಡು, ಇದೂ ಮೇವಿನ ದುಡ್ಡೇ ಎಂದು ಬಗೆದು ಅವನು ಒಂದು ಕರಾರು ಕೊಂಡ. ಕಾಯಿನ್ ಹುಲ್ಲು ತಿನ್ನುತ್ತದೆಯೇ, ಮಾನ್ಯರೇ? ಅಲ್ಲಿನ ಹೆಚ್ಚುವರಿ ಬಹುಪಾಲು ಕೊಳ್ಳುವವರ ಆತುರದ್ದು. ಅವನು ಕೊಂಡ ಕರಾರಿಗೆ ಹಬ್ಬದ ದಿನದಂತೆ ಮುಗಿಯುವ ದಿನವೆಂಬುದೇ ಇರಲಿಲ್ಲ. ಫ್ಯೂಚರ್ಸ್ ಬೆಲೆ ಮೇಲಿರುವಷ್ಟು ಕಾಲ ಎಂಟೆಂಟು ಗಂಟೆಗೊಮ್ಮೆ ಕೊಂಡವನು ಮಾರಿದವನಿಗೆ ಶುಲ್ಕ ತೆರಬೇಕು. ಎರಡು ಬೆಲೆಗಳನ್ನು ಹತ್ತಿರ ಎಳೆದಿಡುವ ಹಗ್ಗ ಅದು. ಒಂದು ಮಧ್ಯಾಹ್ನ ಎರಡು ನಿಮಿಷ ಆ ಹಗ್ಗ ಜಾರಿತು. ಆ ಆ್ಯಪ್‌ನ ಫ್ಯೂಚರ್ಸ್ ಬೆಲೆ ಮಾತ್ರ ಹತ್ತರಲ್ಲೊಂದು ಪಾಲು ಕುಸಿಯಿತು. ಹೊರಗಿನ ಮಾರುಕಟ್ಟೆ ಅಲುಗಲಿಲ್ಲ. ಒಂದು ರೂಪಾಯಿ ಕಟ್ಟಿ ಹತ್ತು ರೂಪಾಯಿಯ ಕರಾರು ಕೊಂಡಿದ್ದವನ ಹಣ ಅಷ್ಟೂ ಕರಗಿತೆಂದು ಆ್ಯಪ್ ತಾನೇ ಕರಾರು ಮುಗಿಸಿತು. ಹೋದದ್ದು ಅವನ ಮತ್ತು ತಮ್ಮ ಫಹೀಮ್‌ನ ಜಂಟಿ ಬಂಡವಾಳ.

“ಭಾಯಿಜಾನ್, ಅವತ್ತು ರೇಟು ಅಲ್ಲೀವರೆಗೂ ಇಳಿದೇ ಇಲ್ಲ. ನೋಡಿ, ಮೊಬೈಲಲ್ಲೇ ಇದೆ. ಕಥೆ ಯಾಕೆ ಕಟ್ತೀರಾ?”

“ಅದು ಬೇರೆ ರೇಟು ಕಣೋ, ಫಹೀಮ್...”

“ಒಂದ್ ವಸ್ತುಗೆ ಎಷ್ಟು ರೇಟು ಭಾಯಿಜಾನ್?”

ಈ ಪ್ರಶ್ನೆಗೆ ಉತ್ತರಿಸಲು ಸಂಬಳ ಪಡೆಯುವವರು ಕುರಿ ವ್ಯಾಪಾರಿಗಳಲ್ಲ. ಈ ರಂಜಾನ್‌ನಲ್ಲಿ ಫಹೀಮ್ ಅಣ್ಣನ ಮನೆಯ ಇಫ್ತಾರ್‌ಗೆ ಬರಲಿಲ್ಲ. ಅತ್ತಿಗೆ ಕಳಿಸಿದ ಡಬ್ಬಿ ಮುಚ್ಚಳ ತೆಗೆಯದೆ ವಾಪಸಾಯಿತು. ಹೊತ್ತು ತಂದವನು ನಾನೇ. ದಾರಿಯಲ್ಲಿ ಒಂದು ತಮಾಷೆಯೂ ಹೊಳೆಯಲಿಲ್ಲ.

ನಿಮ್ಮ ಕಚೇರಿಗೆ ಬರೆದೆವು. “ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದಿರಿ. ಲಾಭ ಬಂದಿದ್ದರೆ ತೆರಿಗೆಗೆ ವ್ಯಾಪ್ತಿ ಎಷ್ಟು ಬೇಗ ಹಿಗ್ಗುತ್ತಿತ್ತು!

ಹಣ ವಾಪಸ್ ಕೇಳುತ್ತಿಲ್ಲ, ದುಡುಕಿದವನು ಅವನೇ. ಆ ಎರಡು ನಿಮಿಷದ ಎರಡೂ ಬೆಲೆಗಳನ್ನು ಆ್ಯಪ್‌ನವರಿಂದ ತರಿಸಿ, ಅಕ್ಕಪಕ್ಕ ಬರೆದು, ಮೊಹರು ಒತ್ತಿ ಕಳಿಸಿ. ಲಕೋಟೆಯ ಮೇಲೆ ಫಹೀಮ್‌ನ ಹೆಸರಿರಲಿ. ಅಣ್ಣನ ಕೈಯಿಂದ ಬಂದ ಕಾಗದವನ್ನು ಅವನೀಗ ಓದುವುದಿಲ್ಲ.

ಇಂತಿ,
ಎರಡೂ ಮನೆಗಳಲ್ಲಿ ಇನ್ನೂ ಚಹಾ ಸಿಗುತ್ತಿರುವ ಒಬ್ಬನೇ ಒಬ್ಬ,
ಮುನೀಂದ್ರ, ಹಲಸೂರು