ಎಡಗೋಲಿನ ಕೊಂಬು

ರಾವಂದೂರು
೧೬ ಅಕ್ಟೋಬರ್ ೨೦೨೪

ತೀರ್ಥರೂಪ ಅಪ್ಪನವರಿಗೆ ಮಹೇಂದ್ರನ ನಮಸ್ಕಾರ.

ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ, ಅಮ್ಮ ತಲೆಗೆಂದು ಇಟ್ಟಿದ್ದ ಹರಳೆಣ್ಣೆ ಸೀಸೆ ಕದ್ದವನು ನಾನೇ. ಅಪವಾದವನ್ನು ಬೆಕ್ಕಿನ ಮೇಲೆ ಹೊರಿಸಿದವನೂ ನಾನೇ. ಅದಿರಲಿ, ನಿಮ್ಮ ಕಾಲು ಹೇಗಿದೆ? ಎರಡನೇ ಪ್ಲಾಸ್ಟರಿನೊಳಗೂ ನವೆಯೆಂದು ಹೆಣಿಗೆ ಕಡ್ಡಿ ತೂರಿಸುತ್ತಿದ್ದೀರಂತೆ, ರೂಪಕ್ಕ ದೂರು ಹೇಳಿದಳು. ಹುಣಸೂರಿನ ಅಕ್ಕನ ಮನೆಯಲ್ಲಿ, ಬಸ್ಸುಗಳ ಗದ್ದಲದ ನಡುವೆ ನಿದ್ದೆ ಬರುತ್ತದೆಯೇ?

ಇನ್ನು ಎತ್ತುಗಳ ಸುದ್ದಿ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ನೀವು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಎಡಗೋಲಿಂದು ಕೊಂಬು ಆಚೆಗ್ ಓಡ್ತಾ ಅದೆ ಕಣ್ಲಾ. ಎಣ್ಣೆ ತಿಕ್ಕಿ, ತುದಿ ಎರಡೂ ಸೇರ್ಸಿ ಹುರಿ ಬಿಗಿ. ಬಲಗೋಲಿಂದು ಸರ್ಯಾಗದೆ, ಮುಟ್ಬ್ಯಾಡ. ಈ ವರ್ಸ ಬುಟ್ರೆ ಕೊಂಬು ಬಲ್ತೋಯ್ತದೆ, ಜೋಡಿ ಕೆಡ್ತದೆ!" ಮೂರು ವರ್ಷ ಕರುವಿನಿಂದ ಸಾಕಿದ ಜೋಡಿ, ಕೆಡಲು ಬಿಡುತ್ತೇನೆಯೇ? ಎಡಗೋಲೆಂದರೆ ಎಡಗಡೆ ನಿಲ್ಲುವ ಎತ್ತು, ಅಷ್ಟು ನನಗೂ ಗೊತ್ತು. ಒಂದನೇ ಕ್ಲಾಸಿನಲ್ಲಿ ಕಕ್ಕೆ ಕೊಂಬು ಕೊಟ್ಟು ಕು ಮಾಡಿದ ಮೇಲೆ ಕೊಂಬಿನ ಸಹವಾಸ ಇದೇ ಮೊದಲಾದರೂ, ಕಾಲೇಜಿನಲ್ಲಿ ರೇಖಾಗಣಿತ ಹೇಳುವವನಿಗೆ ಎರಡು ವಕ್ರರೇಖೆ ಸೇರಿಸುವುದು ಯಾವ ಮಹಾವಿದ್ಯೆ? ಒಂಬತ್ತು ವಾರ, ದಿನ ತಪ್ಪದೆ, ಆ ಕದ್ದ ಹರಳೆಣ್ಣೆ ತಿಕ್ಕಿ ಒಬ್ಬನೇ ಕಟ್ಟಿದೆ. ತುದಿಗಳ ನಡುವೆ ನಾಲ್ಕು ಬೆರಳಿದ್ದ ಸಂದು ಈಗ ಒಂದೇ ಬೆರಳು. ನನಗೂ ಎರಡು ಕೊಂಬು ಮೂಡಿದಂತಾಗಿದೆ.

ತಲೆಗೆ ಹತ್ತದ ಸಂಗತಿ ಒಂದೇ. ಮುಟ್ಟದೆ ಬಿಟ್ಟ ಎತ್ತಿನ ಕೊಂಬುಗಳು ಹಳೇ ಟಿವಿ ಆಂಟೆನಾದಂತೆ ಅಗಲವಾಗುತ್ತಿವೆ. ಹೊಟ್ಟೆಕಿಚ್ಚೋ, ಮೇವಿನ ದೋಷವೋ? ಮೇವು ಬದಲಾಯಿಸಿದೆ. ಮೊಬೈಲಿನಲ್ಲಿ ಹುಡುಕಿದೆ, ಜಿಂಕೆಗಳು ಸಿಕ್ಕವು. ಅಮ್ಮ "ಯಾರ್ದೋ ಕಣ್ಣು ಕಣ" ಎಂದು ಮೆಣಸಿನಕಾಯಿ ನಿವಾಳಿಸಿದಳು; ಎತ್ತಿಗಿಂತ ನಾನೇ ಹೆಚ್ಚು ಕೆಮ್ಮಿದೆ.

ಅಕ್ಕನಿಗೆ ನೆನಪು ಹೇಳಿ. ನಿಮ್ಮ ಮುರಿಯದ ಕಾಲಿಗೆ ನನ್ನ ನಮಸ್ಕಾರ.

ನಿಮ್ಮ
ಮಹೇಂದ್ರ

ವಿ.ಸೂ.: ಕವರು ಅಂಟಿಸುವಷ್ಟರಲ್ಲಿ ಚುಂಚನಕಟ್ಟೆಯ ಅಂಕಯ್ಯ ಮಾವ ಬಂದರು. ಕೊಟ್ಟಿಗೆ ನೋಡಿದವರೇ ತಲೆ ಹಿಡಿದುಕೊಂಡರು. "ಎಲ್ ನಿಂತ್ಕಂಡು ಎಡ ಅಂದ್ಯಪ್ಪಾ, ಮೇಷ್ಟ್ರೇ?" ಮೇವು ಹಾಕುವ ಗೊಂತಿನ ಮುಂದೆ, ಎತ್ತುಗಳ ಮುಖ ನೋಡುತ್ತಾ, ಎಂದೆ. "ಅಯ್ಯೋ, ನೊಗದಿಂದೆ ನಿಂತು ನೋಡ್ಬೇಕು ಕಣಯ್ಯಾ! ಉಳೋನು ಎತ್ತಿನ್ ಮೊಕ ನೋಡ್ಕಂಡು ಉಳ್ತಾನಾ?" ಅಪ್ಪಾ, ಒಂಬತ್ತು ವಾರವೂ ನೀವು ಮುಟ್ಟಬೇಡ ಎಂದದ್ದನ್ನೇ ಬಿಗಿದಿದ್ದೇನೆ. ಇದಕ್ಕೆ ನಿಮ್ಮನ್ನೇ ಕೇಳಬೇಕೆಂದು ಹೇಳಿ ಮಾವ ಹುಣಸೂರಿನ ಬಸ್ಸಿಗೆ ಹೊರಟಿದ್ದಾರೆ, ಕಾಗದ ಅವರ ಕೈಯಲ್ಲೇ ಕೊಡುತ್ತಿದ್ದೇನೆ. ಕೊಂಬು ಬಲಿಯುವ ಮೊದಲು ಏನು ಮಾಡಬೇಕೆಂದು, ಬೈದು ಮುಗಿದ ಕೂಡಲೇ ಫೋನು ಮಾಡಿ. ಹೇಳುವಾಗ ಎಡ ಬಲ ಎನ್ನಬೇಡಿ. ಬಾಲದ ತುದಿ ಬಿಳಿಯದ್ದು, ಕರಿಯದ್ದು ಎನ್ನಿ. ನೊಗದ ಹಿಂದೆ ನಿಂತ ಮೇಲೂ ಯಾವುದು ಎಡವೆಂದು ಮಾವನನ್ನು ಎರಡು ಸಲ ಕೇಳಿದೆ.